ವಾಡಿ ಸ್ಟೇಷನ್ನಿನಲ್ಲಿ ಚೆಲ್ಲಿದ ಕಾರೂರ

ನಾಲವಾರದ ಕಿರಾಣಿ ಅಂಗಡಿ ಕಲ್ಯಾಣಪ್ಪನ ತಾಯಿ ಭಾಗಮ್ಮನಿಗೆ ದೇವರು ಕಣ್ಣು, ಕಿವಿ, ನಾಲಿಗೆಗಳನ್ನು ಊರವರಿಗೆಲ್ಲ ಕೊಟ್ಟಷ್ಟೇ ಕೊಟ್ಟಿದ್ದ. ಮೂಗನ್ನು ಮಾತ್ರ ಕೈಬಿಚ್ಚಿ ಕೊಟ್ಟುಬಿಟ್ಟಿದ್ದ. ಪಡಸಾಲೆಯಲ್ಲಿ ಕೂತೇ ಆಕೆ ಹಿತ್ತಲಲ್ಲಿ ಕೊಳೆತ ಉಳ್ಳಾಗಡ್ಡಿಯನ್ನು ಪತ್ತೆ ಹಚ್ಚುತ್ತಿದ್ದಳು. ಹೆಪ್ಪು ಕೇಳಲು ಬಂದ ನೆರೆಯವಳ ಸೀರೆ ನೀರು ಕಂಡು ಎಷ್ಟು ದಿನವಾಯಿತೆಂದು ಮುಖಕ್ಕೇ ಹೇಳುತ್ತಿದ್ದಳು. ಎಂಜಲು, ಉಗುಳು, ಉದುರಿದ ಕೂದಲು, ಮಕ್ಕಳ ಸುಂಬಳ, ಇವುಗಳ ಹೆಸರೆತ್ತಿದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಗಂಡ ಲಿಂಗೈಕ್ಯನಾದ ಮೇಲಂತೂ ಇದು ಮಿತಿಮೀರಿತು. ಬೆಳಿಗ್ಗೆ ಬಚ್ಚಲನ್ನು ತಾನೇ ಬೂದಿ ಹಾಕಿ ತಿಕ್ಕಿ, ಮಿಂದು, ಕೊರಳಿನ ಲಿಂಗವನ್ನು ಅಂಗೈಗೆ ತಂದುಕೊಂಡು ಪೂಜೆಗೆ ಕೂತಳೆಂದರೆ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. ಶರಣರು ಐದು ಸೂತಕಗಳನ್ನೂ ಕಿತ್ತು ಹಾಕಿದ್ದರಂತೆ. ಭಾಗಮ್ಮ ಅವುಗಳ ಜಾಗದಲ್ಲಿ ತನ್ನ ಸ್ವಂತದ ಇಪ್ಪತ್ತನ್ನು ತಂದು ಕೂಡಿಸಿದ್ದಳು.

ಇಂಥ ಮನೆಗೆ ಭಂಕೂರದ ಸಾಯಬಣ್ಣನ ಮಗಳು ವಿಮಲಾಬಾಯಿ ಸೊಸೆಯಾಗಿ ಬಂದಳು. ನಿಜಾಮ ಸರಕಾರದ ಜ್ಯುಬಿಲಿ ಉತ್ಸವ ಮುಗಿದ ವರ್ಷವೇ ಮದುವೆ. ಹದಿನೇಳರ ಹುಡುಗಿ, ದುಂಡು ಮುಖ, ಮಾತು ಕಡಿಮೆ. ರೊಟ್ಟಿ ಬಡಿಯಲು ಕೂತರೆ ರೊಟ್ಟಿ ಚಂದ್ರನ ಹಾಗೆ ಬರುತ್ತಿತ್ತು. ತಲೆಗೂದಲು ಕಟ್ಟಿಕೊಂಡೇ ಒಲೆಯ ಮುಂದೆ ಬರುತ್ತಿದ್ದಳು. ಭಾಗಮ್ಮನಿಗೆ ಒಳಗೊಳಗೇ ಸಮಾಧಾನವಾಗಿತ್ತು. ಸೊಸೆಯಲ್ಲಿ ಕುಂದು ಹುಡುಕಿ ಹುಡುಕಿ ಸೋತಿದ್ದಳು ಅನ್ನಬಹುದು.

ಚಳಿ ಬಿದ್ದ ಮೇಲೆ ಕುಂದು ತಾನಾಗಿಯೇ ಹುಡುಕಿಕೊಂಡು ಬಂತು. ಹುಡುಗಿ ಪದೇ ಪದೇ ಬಚ್ಚಲಿಗೆ ಹೋಗತೊಡಗಿದಳು. ಹಿಟ್ಟು ನಾದುತ್ತಿರುವಾಗ ಎದ್ದಳು, ಬಂದಳು. ಎರಡು ರೊಟ್ಟಿ ಬಡಿದಳು, ಮತ್ತೆ ಎದ್ದಳು. ಪ್ರತಿ ಸಲವೂ ಬಾಗಿಲ ಹತ್ತಿರ ನಿಂತು ತಲೆ ತಗ್ಗಿಸಿ ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದಳು. ಭಾಗಮ್ಮ ಲಿಂಗಕ್ಕೆ ಪತ್ರಿ ಏರಿಸುವ ಹೊತ್ತಿಗೆ ಸರಿಯಾಗಿ ಗೋಡೆಯಾಚೆ ಚರ್ರೆಂದು ಸದ್ದಾಗುತ್ತಿತ್ತು. ಆ ಸದ್ದು ಕಿವಿಗೆ ಬಿದ್ದ ಮೇಲೆ ಮಂತ್ರ ಎಲ್ಲಿಯದು, ಧ್ಯಾನ ಎಲ್ಲಿಯದು. ಕಣ್ಣು ಮುಚ್ಚಿದರೆ ಬಚ್ಚಲೇ ಕಾಣುತ್ತಿತ್ತು. ಸೊಸೆ ಕೈ ತೊಳೆದುಕೊಂಡೇ ಬರುತ್ತಿದ್ದಳು, ಅದನ್ನು ಭಾಗಮ್ಮ ನೋಡುತ್ತಲೂ ಇದ್ದಳು. ಆದರೂ ಆ ಕೈಯ ರೊಟ್ಟಿ ಗಂಟಲಲ್ಲಿ ಇಳಿಯದಾಯಿತು.

ಜೊತೆಗೆ ನೀರಡಿಕೆ ಬೇರೆ. ತಂಬಿಗೆ ಎತ್ತಿದರೆ ಬರಿದು ಮಾಡಿಯೇ ಇಳಿಸುತ್ತಿದ್ದಳು. ನೀರು ಕುಡಿಯುವುದಕ್ಕೇ ಹೀಗಾಗುತ್ತದೆಂದು ಭಾಗಮ್ಮ ಕುಡಿಯುವ ನೀರಿನ ಕೊಡವನ್ನು ತನ್ನ ಮಂಚದ ಹತ್ತಿರ ಎಳೆದಿಟ್ಟುಕೊಂಡಳು. ಅದರ ಮರುದಿನ ಸೊಸೆ ಬಚ್ಚಲ ಹಂಡೆಯಲ್ಲಿ ಕೈ ಅದ್ದಿ, ಮೀಯುವ ನೀರನ್ನು ಬೊಗಸೆಯಲ್ಲಿ ಕುಡಿಯುತ್ತಿದ್ದುದು ಕಣ್ಣಿಗೆ ಬಿತ್ತು. ಭಾಗಮ್ಮನಿಗೆ ಅಲ್ಲೇ ವಾಕರಿಕೆ ಬಂತು. ನಾಯಿ ಕುಡಿದಂತೆ ಕುಡಿಯುತ್ತಾಳೆ ಎಂದು ಮಗನ ಮುಂದೆ ಹೇಳಿದಳು. ಕಲ್ಯಾಣಪ್ಪ ಒಳ್ಳೆಯವನು. ಆದರೆ ಒಳ್ಳೆಯತನವನ್ನೆಲ್ಲ ಅಂಗಡಿಯಲ್ಲಿ ಗಿರಾಕಿಗಳಿಗೆ ಕೊಟ್ಟು ಬರಿಗೈಯಲ್ಲಿ ಮನೆಗೆ ಬರುತ್ತಿದ್ದ. ಹೂಂ ಅಂದು ಊಟಕ್ಕೆ ಕೂತ.

ಅಂಗಡಿಯ ಹಿಂದಿನ ಮನೆಯ ಇಮಾಮ್ಬೀ ಕುಬಸ ಹೊಲಿಯುವವಳು, ಭಾಗಮ್ಮನಿಗೆ ಮನೆಯ ಮಾತು ಹೇಳಿಕೊಳ್ಳಲು ಇದ್ದ ಒಬ್ಬಳೇ ಗೆಳತಿ. ಇದು ಮೈಯ ಕಾವು ಎಂದು ಮೊದಲು ಆಕೆಯೇ ಅಂದಳು. ಕಾವಿಗೆಂದು ಕಲ್ಲುಸಕ್ಕರೆ ನೀರಿನಲ್ಲಿ ಸಬ್ಜಾ ಬೀಜ ನೆನೆಸಿ ಕೊಟ್ಟದ್ದಾಯಿತು. ಬಚ್ಚಲಿನ ಓಡಾಟ ಇನ್ನೂ ಹೆಚ್ಚಾಯಿತು. ಆಗ ಇಮಾಮ್ಬೀ ಚಿತ್ತಾಪುರದ ಹಕೀಮ ಅಮೀರ್ ಅಲಿಯ ಹೆಸರು ಹೇಳಿದಳು. ಹುಡುಗಿಯನ್ನು ಕರೆದೊಯ್ಯಬೇಕಾಗಿಲ್ಲ, ಕಾರೂರ ಒಯ್ದರೆ ಸಾಕು ಅಂದಳು. ಕಾರೂರ ಅಂದರೆ ರೋಗಿಯ ಬೆಳಗಿನ ಮೊದಲ ಉಚ್ಚೆ ತುಂಬಿದ ಗಾಜಿನ ಸೀಸೆ. ಪರದೆಯ ಹೆಂಗಸರು, ದೊಡ್ಡ ಮನೆಯ ಸೊಸೆಯಂದಿರು ಪರಗಂಡಸಿನ ಮುಂದೆ ಬರುವುದಿಲ್ಲವಲ್ಲ, ಅವರ ಬದಲಿಗೆ ಅವರ ಸೀಸೆ ಹೋಗಿ ಹಕೀಮನ ಮುಂದೆ ಕೂಡುತ್ತಿತ್ತು. ಅದನ್ನು ಬೆಳಕಿಗೆ ಹಿಡಿದು, ಬಣ್ಣ ನೋಡಿ, ತಳ ನೋಡಿ, ಮೂಸಿ, ಒಳಗಿನ ರೋಗವನ್ನು ಅಮೀರ್ ಅಲಿ ಕಣ್ಣಾರೆ ಕಂಡವನಂತೆ ಹೇಳುತ್ತಿದ್ದ. ಸೇಡಂ, ಚಿಂಚೋಳಿ ಕಡೆಯಿಂದಲೂ ಸೀಸೆಗಳು ಬರುತ್ತಿದ್ದವು.

ಒಯ್ಯುವವರು ಯಾರು ಅನ್ನುವ ಮಾತು ಬಂತು. ಕಲ್ಯಾಣಪ್ಪ ಕಿವಿಯವರೆಗೆ ಕೆಂಪಾಗಿ ಅಂಗಡಿಗೆ ಹೋಗಿಬಿಟ್ಟ. ಇಮಾಮ್ಬೀಯ ಕೈಯಲ್ಲಿ ಕಳಿಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆಂದು ಭಾಗಮ್ಮನಿಗೆ ಗೊತ್ತಿತ್ತು, ಯಾಕೆಂದರೆ ಊರಿನ ಸುದ್ದಿಯೆಲ್ಲ ಆಕೆಗೆ ಇಮಾಮ್ಬೀಯಿಂದಲೇ ಬರುತ್ತಿತ್ತು. ಕೊನೆಗೆ ತಾನೇ ಹೊರಟಳು.

ಬೆಳಗಿನ ಪ್ಯಾಸೆಂಜರಿನಲ್ಲಿ, ಹೆಂಗಸರ ಡಬ್ಬಿಯಲ್ಲಿ, ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಕೂತಳು. ಸೀಸೆಯ ಬಾಯಿಗೆ ಹತ್ತಿ ತುರುಕಿ, ಸುತ್ತ ಬಟ್ಟೆ ಸುತ್ತಿ, ಮೇಲೆ ಒಂದು ಹಳೆಯ ಕುಬಸ ಮುಚ್ಚಿದ್ದಳು. ಮಿಂದ ಮೈ, ಕೊರಳಲ್ಲಿ ಲಿಂಗ, ಕಾಲ ಕೆಳಗೆ ಸೊಸೆಯ ಉಚ್ಚೆ. ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಹಲ್ಲು ಕಚ್ಚಿದಳು. ಗಾಡಿ ಕುಲುಕಿದಾಗಲೆಲ್ಲ ಬುಟ್ಟಿಯಿಂದ ಗುಳುಗುಳು ಅನ್ನುತ್ತಿತ್ತು. ಎದುರಿಗೆ ಕೂತ ಹೆಂಗಸು ಕುಸುಬಿ ಎಣ್ಣೆಯೇನ್ರಿ ಎಂದು ಕೇಳಿದ್ದಕ್ಕೆ ಭಾಗಮ್ಮ ಕಿಟಕಿಯ ಕಡೆಗೆ ತಿರುಗಿಬಿಟ್ಟಳು.

ವಾಡಿಯಲ್ಲಿ ಇಳಿದು ಚಿತ್ತಾಪುರದ ಗಾಡಿಗೆ ಕಾಯಬೇಕು. ಫರಸಿಕಲ್ಲಿನ ಕಟ್ಟೆಯ ಮೇಲೆ ಬುಟ್ಟಿ ಇಟ್ಟು, ಸರಿಯಾಗಿದೆಯೋ ಇಲ್ಲವೋ ಎಂದು ಬಟ್ಟೆ ಸರಿಸಿ ಕೈ ಹಾಕಿದಳು. ಹತ್ತಿ ನೆನೆದು ಮೆದುವಾಗಿತ್ತು. ಬೆರಳು ಒದ್ದೆಯಾದವು. ಸೀಸೆಯನ್ನು ಹೊರಗೆ ತೆಗೆದಳು. ಬಿಸಿಲಿಗೆ ಅದು ಬಾವಿಯ ನೀರಿನಷ್ಟು ತಿಳಿಯಾಗಿ ಹೊಳೆಯಿತು, ಬಣ್ಣವೇ ಇರಲಿಲ್ಲ. ಉಚ್ಚೆಯ ವಾಸನೆಯಾದರೂ ಇದ್ದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳೇನೋ. ಇದರದು ಏನೋ ಸೀ ಸೀ ವಾಸನೆ, ಪಾಕ ಹಳಸಿದ ಹಾಗೆ. ಆ ಸಿಹಿಯೇ ಆಕೆಯನ್ನು ಕೆಡಿಸಿತು. ಬೆರಳುಗಳನ್ನು ಮೈಯಿಂದ ದೂರ ಹಿಡಿದುಕೊಂಡು, ಕಟ್ಟೆಯ ಹಿಂದೆ ಓಡಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡಳು. ಆಮೇಲೆ ಸೀಸೆಯನ್ನು ಗಟಾರದಲ್ಲಿ ಬೋರಲು ಹಾಕಿದಳು. ನಳದ ಕೆಳಗೆ ಹಿಡಿದು, ಉಸುಕು ಹಾಕಿ, ಗಾಜು ಸವೆಯುವ ಹಾಗೆ ತೊಳೆದಳು. ಜೀವ ಹಗುರಾಯಿತು.

ಹಗುರಾದ ಮೇಲೆ ಬುದ್ಧಿ ಬಂತು. ಬರಿ ಸೀಸೆ ಹಿಡಿದು ಹಕೀಮನ ಮುಂದೆ ಹೇಗೆ ನಿಲ್ಲುವುದು. ತಿರುಗಿ ಹೋದರೆ ಮತ್ತೆ ನಾಳೆ ಇದೇ ಬುಟ್ಟಿ, ಇದೇ ಗುಳುಗುಳು. ಸ್ಟೇಷನ್ನಿನ ಬೇಲಿಯಾಚೆ ಹಾಲಿನವನೊಬ್ಬ ಆಕಳು ಕಟ್ಟಿದ್ದ. ಅದು ಬಾಲ ಎತ್ತಿತು. ಭಾಗಮ್ಮ ಹಿಂದುಮುಂದು ನೋಡಲಿಲ್ಲ, ಹೋಗಿ ಸೀಸೆ ಹಿಡಿದಳು. ಕೈಮೇಲೆ ಬಿದ್ದ ಹನಿಗಳನ್ನು ಕಣ್ಣಿಗೆ ಒತ್ತಿಕೊಂಡಳು, ಅದಕ್ಕೇನೂ ಹೇಸಿಗೆ ಇರಲಿಲ್ಲ. ಹಕೀಮನಾದರೂ ಏನು ಹೇಳಿಯಾನು, ಕಾವು ಅಂದು ಪುಡಿ ಕಟ್ಟಿ ಕೊಡುತ್ತಾನೆ, ಅದಕ್ಕೆ ಯಾರದಾದರೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಗಾಡಿ ಹತ್ತಿದಳು.

ಅಮೀರ್ ಅಲಿಗೆ ಅವತ್ತು ನೆಗಡಿ ಹಿಡಿದಿತ್ತು. ಮೂಗು ಕಟ್ಟಿ, ಕಣ್ಣಲ್ಲಿ ನೀರು ಸುರಿಯುತ್ತ, ಉಣ್ಣೆಯ ಶಾಲು ಹೊದ್ದು ಕೂತಿದ್ದ. ಆದರೂ ಮುದುಕ ಕೆಲಸ ಬಿಡುವವನಲ್ಲ. ಸೀಸೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಪ್ರಶ್ನೆಗಳು. ಉರಿ ಇದೆಯೇ, ಚಳಿಜ್ವರ ಬರುತ್ತದೆಯೇ, ಬೆನ್ನಿನಿಂದ ತೊಡೆಯ ಕಡೆಗೆ ನೋವು ಇಳಿಯುತ್ತದೆಯೇ, ಉಚ್ಚೆಯಲ್ಲಿ ಉಸುಕು ಬೀಳುತ್ತದೆಯೇ, ರಕ್ತ ಕಂಡಿದೆಯೇ. ಭಾಗಮ್ಮ ಇಲ್ಲ ಇಲ್ಲ ಅಂದಳು. ಕಡೆಗೆ ತಿಂಗಳ ಮುಟ್ಟಿನ ಮಾತು ಕೇಳಿದ. ಎರಡು ತಿಂಗಳಿಂದ ಹೊರಗೆ ಕೂತಿಲ್ಲ ಎಂದು ಭಾಗಮ್ಮ ಹೇಳಿದಳು. ಅದು ಆಕೆಗೂ ಆಗಲೇ ಹೊಳೆದದ್ದು.

ಹಕೀಮ ಸೀಸೆಯನ್ನು ಕೆಳಗಿಟ್ಟು ತಾಳ್ಮೆಯಿಂದ ತಿಳಿಸಿ ಹೇಳಿದ. ಮತ್ತೆ ಮತ್ತೆ ಉಚ್ಚೆಗೆ ಹೋಗುವುದು ಒಂದು ರೋಗವಲ್ಲ, ಹಲವು ರೋಗಗಳ ಬಾಗಿಲು ಅಂದ. ಉಚ್ಚೆಯ ಚೀಲದಲ್ಲಿ ಕಲ್ಲಿದ್ದರೂ ಹಾಗಾಗುತ್ತದೆ, ಒಳಗೆ ಹುಣ್ಣಾಗಿ ಕೀವಾದರೂ ಆಗುತ್ತದೆ, ವಯಸ್ಸಾದ ಗಂಡಸರಿಗೆ ಗಂಟು ಬೆಳೆದು ಆಗುತ್ತದೆ, ಹೆತ್ತು ಸಡಿಲಾದ ಹೆಂಗಸರಿಗೆ ಗರ್ಭ ಜಾರಿ ಆಗುತ್ತದೆ, ಬರಿ ಅಂಜಿಕೆಗೂ ಆಗುತ್ತದೆ.

“ಇದೇ ಕಾರೂರ ತೆಳ್ಳಗ, ಬಣ್ಣಿಲ್ದ, ಬಾವಿ ನೀರಿನಂಗ ಇದ್ದಿತ್ತಂದ್ರ ನಾ ಅಂಜತಿದ್ದೆ, ಅಮ್ಮಾ,” ಅಂದ. “ಅದಕ್ಕ ಜಿಯಾಬೇತಸ್ ಅಂತಾರ. ಸಿಹಿ ರೋಗ. ಉಂಡದ್ದೆಲ್ಲ ನೀರಾಗಿ ಹರದು ಹೋಗ್ತದ, ಮೈ ಕರಗ್ತದ. ಖುದಾನ ಮೆಹರ್ಬಾನಿ, ಇದು ಹಂಗಿಲ್ಲ.”

ವಾಡಿಯ ಬಿಸಿಲಿನಲ್ಲಿ ಹೊಳೆದದ್ದು ಭಾಗಮ್ಮನ ಕಣ್ಣ ಮುಂದೆ ಬಂತು. ಹೇಳಬೇಕೆಂದು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಹಕೀಮ, ಕೂಸು ಕೂತದ, ಖುಷಿಯಿಂದ ಹೋಗ್ರಿ ಅಂದ. ತೆರೆದ ಬಾಯಿ ಹಾಗೇ ನಗುವಾಯಿತು. ಮೊಮ್ಮಗ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಗಟಾರಕ್ಕೆ ಹೋದದ್ದನ್ನು ಯಾರು ನೆನೆಯುತ್ತಾರೆ. ಮುಟ್ಟು ನಿಂತಿರುವುದು ಸುಳ್ಳಲ್ಲವಲ್ಲ, ಬಸುರಿಯರು ಬಚ್ಚಲಿಗೆ ಓಡಾಡುವುದು ಹೊಸದಲ್ಲವಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನು ತಾನು ಒಪ್ಪಿಸುತ್ತ ಬಂದಳು. ನಾಲವಾರ ಮುಟ್ಟುವ ಹೊತ್ತಿಗೆ ಒಪ್ಪಿಯೂ ಬಿಟ್ಟಿದ್ದಳು.

ಮೂರನೆಯ ತಿಂಗಳಿಗೆ ಕಳ್ಳಕುಬಸ ಮಾಡಿದರು. ಊರಿಗೆ ಸಾರದೆ, ದೃಷ್ಟಿಯಾಗದಂತೆ, ಮನೆಯ ನಾಲ್ಕು ಮುತ್ತೈದೆಯರಷ್ಟೇ ಕೂಡಿ ಬಸುರಿಗೆ ಹಸಿರು ಕುಬಸ ತೊಡಿಸಿ ಉಡಿ ತುಂಬುವುದು. ಭಾಗಮ್ಮ ಗಂಡನಿಲ್ಲದವಳಾದ್ದರಿಂದ ಬಾಗಿಲ ಹತ್ತಿರ ನಿಂತು ನೋಡಿದಳು. ಕಳ್ಳಕುಬಸ ಎಷ್ಟು ಕಳ್ಳತನದ್ದು ಅಂದರೆ ಮರುದಿನದಿಂದ ಓಣಿಯ ಮನೆಮನೆಯಿಂದಲೂ ಬಯಕೆಯ ಬುತ್ತಿ ಬರತೊಡಗಿತು. ಹೋಳಿಗೆ, ಮಾದಲಿ, ಕರಿಗಡಬು, ಶೇಂಗಾ ಉಂಡೆ, ಬೆಲ್ಲ ತುಪ್ಪ ಕಲಸಿದ ಹುಗ್ಗಿ. ಬಸುರಿ ತಿನ್ನದೆ ಬಿಟ್ಟರೆ ಕೂಸಿನ ಕಿವಿ ಸೋರುತ್ತದೆಂದು ಹೆಂಗಸರು ಎದುರಿಗೆ ಕೂತು ಬಾಯಿಗಿಡುತ್ತಿದ್ದರು. ವಿಮಲಾಬಾಯಿಗೆ ಹಸಿವೂ ವಿಪರೀತವಿತ್ತು, ತಿನ್ನುತ್ತಿದ್ದಳು. ತಿಂದಷ್ಟೂ ಕುಡಿಯುತ್ತಿದ್ದಳು, ಕುಡಿದಷ್ಟೂ ಬಚ್ಚಲಿಗೆ ಓಡುತ್ತಿದ್ದಳು. ಇಷ್ಟು ತಿನ್ನುವ ಹುಡುಗಿಯ ಬಳೆಗಳು ಮೊಳಕೈವರೆಗೆ ಸರಿಯತೊಡಗಿದ್ದನ್ನು ಯಾರೂ ನೋಡಲಿಲ್ಲ. ನೋಡಿದವರು ಗಂಡು ಕೂಸು ತಾಯಿಯನ್ನು ಹೀರುತ್ತದೆ ಅಂದರು.

ಭಾಗಮ್ಮ ಮೊದಮೊದಲು ಹೇಸಿಗೆಯನ್ನು ನುಂಗಿಕೊಂಡಳು. ಮೊಮ್ಮಗನ ಆಸೆಗೆ ಬಚ್ಚಲಿನ ಸದ್ದು ಕೂಡ ಸ್ವಲ್ಪ ಇಂಪಾಗಿತ್ತು. ಬೇಸಿಗೆ ಬಂದಂತೆ ಬಚ್ಚಲಿನ ಮೂಲೆಯಲ್ಲಿ ಕರಿಯಿರುವೆ ಮುತ್ತತೊಡಗಿದವು. ಬೂದಿ ಹಾಕಿದರೂ ಹೋಗವು, ಬಿಸಿನೀರು ಸುರಿದರೂ ಮತ್ತೆ ಬರುತ್ತಿದ್ದವು. ಇರುವೆ ಮುತ್ತಿದ ಆ ಜಾಗವನ್ನು ನೋಡಿ ಆಕೆಗೆ ಮೈಯೆಲ್ಲ ಮುಳ್ಳೆದ್ದಿತು. ಅಲ್ಲಿ ಕೂತು ಬೆಲ್ಲ ತಿನ್ನುತ್ತಾಳೇನೋ, ಹೊಲಸಿಗೆ ಹೇಸದವಳು ಎಂದು ಇಮಾಮ್ಬೀಯ ಮುಂದೆ ಬೈದಳು.

ಐದನೆಯ ತಿಂಗಳು ಬಂತು. ಹೊಟ್ಟೆ ಬರಲಿಲ್ಲ. ಇದ್ದ ಹೊಟ್ಟೆಯೂ ಬೆನ್ನಿಗೆ ಹತ್ತಿತ್ತು. ಸೆರಗಿನ ಮರೆಯಲ್ಲಿ ಕೈಯಾಡಿಸಿ ನೋಡಿದ ಇಮಾಮ್ಬೀ ಇಲ್ಲವೆಂದು ತಲೆಯಾಡಿಸಿ ಕೈ ತೆಗೆದಳು. ಅವತ್ತು ಭಾಗಮ್ಮನೊಳಗೆ ತಡೆದಿಟ್ಟಿದ್ದ ಹೇಸಿಗೆಯೆಲ್ಲ ಒಮ್ಮೆಗೇ ಕಟ್ಟೆಯೊಡೆಯಿತು. ಬಸುರಿಲ್ಲ ಅಂದರೆ ಮತ್ತೇನು. ಗರ್ಮಿಯೇ ಇರಬೇಕು, ಕೆಟ್ಟವರ ರೋಗ, ತವರಿನಿಂದಲೇ ಕಟ್ಟಿಕೊಂಡು ಬಂದದ್ದು. ಮಗನ ಹಾಸಿಗೆಯನ್ನು ಅಂಗಡಿಗೆ ಕಳಿಸಿದಳು. ಸೊಸೆಗೆ ಕಟ್ಟಿಗೆ ಕೋಣೆಯಲ್ಲಿ ಚಾಪೆ, ಬೇರೆ ತಾಟು, ಬೇರೆ ತಂಬಿಗೆ. ಹಿತ್ತಲ ಮೂಲೆಯಲ್ಲಿ ಮರೆಗೆ ತಟ್ಟಿ ಕಟ್ಟಿಸಿ, ಇನ್ನು ಬಚ್ಚಲಿಗೆ ಕಾಲಿಡಬೇಡ ಅಂದಳು. ಹುಡುಗಿ ಎದುರಾಡಲಿಲ್ಲ. ತಾನೇ ಹೊಲಸು ಎಂದು ಆಕೆಗೂ ಅಷ್ಟರಲ್ಲಿ ನಂಬಿಕೆಯಾಗಿತ್ತು. ಗೋಡೆ ಹಿಡಿದು ಹಿತ್ತಲಿಗೆ ಹೋಗುವಳು, ಗೋಡೆ ಹಿಡಿದು ಬರುವಳು. ಒಂದೆರಡು ಸಲ ನಡುವೆಯೇ ಕಾಲ ಮೇಲೆ ಹರಿಯಿತು. ಭಾಗಮ್ಮ ದೂರದಿಂದ ನೀರು ಎರಚಿದಳು, ದನಕ್ಕೆ ಎರಚಿದ ಹಾಗೆ.

ಇದನ್ನು ಹೇಳುವಾಗ ನನ್ನ ಬಾಯಿಯೂ ಕಹಿಯಾಗುತ್ತದೆ. ಆದರೆ ನಡೆದದ್ದು ಹಾಗೆ.

ಐದನೆಯ ತಿಂಗಳ ದೊಡ್ಡ ಕುಬಸಕ್ಕೆಂದು ಸಾಯಬಣ್ಣ ಭಂಕೂರದಿಂದ ಹಸಿರು ಇಳಕಲ್ ಸೀರೆ, ಬುಟ್ಟಿ ತುಂಬ ಮಾದಲಿ ಹೊತ್ತು ಬಂದ. ಯಾರೂ ಅವನಿಗೆ ಬರಬೇಡ ಅಂದಿರಲಿಲ್ಲ. ಅವನು ಕಲ್ಲಿನ ಖಣಿಯಲ್ಲಿ ಬೆಳೆದವನು, ಗಟ್ಟಿ ಆಳು. ಕಟ್ಟಿಗೆ ಕೋಣೆಯ ಹೊಸ್ತಿಲಲ್ಲಿ ನಿಂತು ಮಗಳನ್ನು ನೋಡಿದವನು ಬುಟ್ಟಿಯನ್ನು ಅಲ್ಲೇ ಇಳಿಸಿ ಆಕೆಯ ಪಕ್ಕಕ್ಕೆ ಹೋದ. ಮಗಳ ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ ಇತ್ತು. ಅವನು ಮುಖ ತಿರುಗಿಸಲಿಲ್ಲ. ಹಣೆಗೆ ಹಣೆ ಹಚ್ಚಿ ಕೂತ. ಹಕೀಮನ ಸಂಗತಿ, ಬಸುರಿನ ಸಂಗತಿ ಎಲ್ಲ ಕೇಳಿದ ಮೇಲೆ, ಕಾರೂರ ಇನ್ನೊಮ್ಮೆ ತೋರಿಸುತ್ತೇನೆ, ನಾನೇ ಒಯ್ಯುತ್ತೇನೆ ಅಂದ. ಮರುದಿನ ಬೆಳಿಗ್ಗೆ ಸೀಸೆಯನ್ನು ಎದೆಗೆ ಒತ್ತಿ, ಮೇಲೆ ಧೋತರದ ಸೆರಗು ಹೊದಿಸಿ, ಹೊಸದಾಗಿ ಹುಟ್ಟಿದ ಕೂಸನ್ನು ಒಯ್ಯುವವನಂತೆ ಸ್ಟೇಷನ್ನಿಗೆ ಹೋದ. ಭಾಗಮ್ಮ ಕಿಟಕಿಯಿಂದ ನೋಡಿದಳು.

ಮಧ್ಯಾಹ್ನದ ಗಾಡಿಗೆ ಸಾಯಬಣ್ಣ ಒಬ್ಬನೇ ಬರಲಿಲ್ಲ, ಹಕೀಮ ಅಮೀರ್ ಅಲಿಯೂ ಕೂಡ ಬಂದ. ಎಂದೂ ಚಿತ್ತಾಪುರ ಬಿಟ್ಟು ರೋಗಿಯ ಮನೆಗೆ ಹೋದವನಲ್ಲ. ಪಡಸಾಲೆಯಲ್ಲಿ ಕುರ್ಚಿ ಹಾಕಿದರೂ ಕೂಡದೆ ನಿಂತೇ ಇದ್ದ. ಕಟ್ಟಿಗೆ ಕೋಣೆಗೆ ಹೋಗಿ ಬಾಗಿಲಾಚೆಯಿಂದಲೇ ಹುಡುಗಿಯನ್ನು ಒಂದು ಸಲ ನೋಡಿ ಬಂದು, ಕೈಗಳನ್ನು ಜೋಡಿಸಿದ. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಭಾಗಮ್ಮನಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

ಇದು ಜಿಯಾಬೇತಸ್, ಮುಟ್ಟು ನಿಂತದ್ದೂ ಅದರಿಂದಲೇ ಅಂದ. ಕುರುಡನೂ ಗುರುತು ಹಿಡಿಯುವಂಥದ್ದು, ನಾನು ಹಿಡಿಯಲಿಲ್ಲ. ಅವತ್ತು ನೆಗಡಿ ಬಂದಿತ್ತು, ಮೂಸಿ ನೋಡಲಾಗಲಿಲ್ಲ, ಕಣ್ಣಲ್ಲಿ ನೀರಿತ್ತು, ಕಾರೂರ ದಪ್ಪಗೆ ಹಳದಿಯಾಗಿ ಕಂಡಿತು. ನನ್ನ ಮಾತು ನಂಬಿ ಈ ಹುಡುಗಿಗೆ ನೀವು ಇಷ್ಟು ದಿನ ಸಿಹಿಯ ವಿಷ ತಿನ್ನಿಸಿದ್ದೀರಿ, ಆ ಪಾಪ ನನ್ನದು. ಇನ್ನು ನಾನು ಕಾರೂರ ಮುಟ್ಟುವುದಿಲ್ಲ. ಇಷ್ಟನ್ನು ಮುದುಕ ತಡೆತಡೆದು ಹೇಳಿದ. ಸಾಯಬಣ್ಣ ರೈಲಿನಲ್ಲಿ ಹೇಗೆ ಸುಮ್ಮನಿದ್ದನೋ, ಈಗ ಸಿಡಿದ. ನಿನ್ನ ಕಣ್ಣು ಹಿಂಗಿ ಹೋಗಲಿ ಎಂದು ಶುರುಮಾಡಿ ಬಾಯಿಗೆ ಬಂದದ್ದನ್ನೆಲ್ಲ ಅಂದ. ಕಲ್ಯಾಣಪ್ಪನೂ, ಜನ್ಮದಲ್ಲಿ ದನಿ ಎತ್ತದವನು, ದನಿ ಎತ್ತಿದ. ಹಕೀಮ ತಲೆ ಬಗ್ಗಿಸಿ ಕೇಳಿಸಿಕೊಂಡ.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಆಕಳು ಬಂದು ಸಾಕ್ಷಿ ಹೇಳುತ್ತಿತ್ತೇನು. ಭಾಗಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಳು. ಆದರೆ ಅಲ್ಲಿ, ಒಲೆಯ ಹೊಗೆ, ಉಳ್ಳಾಗಡ್ಡಿ, ತೊಳೆದಿಟ್ಟ ಪಾತ್ರೆಗಳ ನಡುವೆ, ಆಕೆಗೆ ತನ್ನ ಉಸಿರಿನ ವಾಸನೆ ತನಗೇ ಬಂತು. ಹುಳಿಯಾಗಿತ್ತು. ವಾಡಿಯಲ್ಲಿ ಕಾರಿಕೊಂಡದ್ದಕ್ಕಿಂತ ಹೆಚ್ಚು ಅಸಹ್ಯವಾದದ್ದು. ಅದನ್ನು ತೊಳೆಯಲು ಯಾವ ನಳವೂ ಇರಲಿಲ್ಲ.

ಹೊಸ್ತಿಲು ದಾಟಿ ಗಂಡಸರ ನಡುವೆ ಬಂದು ನಿಂತಳು.

“ಹಕೀಮಸಾಬ, ನಿಮ್ಮ ಕಣ್ಣಿಗಿ ಏನೂ ಆಗಿಲ್ಲ,” ಅಂದಳು. “ಅವತ್ತ ತಂದದ್ದು ಈಕಿ ಕಾರೂರ ಅಲ್ಲ.”

“ಮತ್ತ ಯಾರದು?”

“ಆಕಳದು.”

ಬೇರೆ ಯಾವ ಮನೆಯಲ್ಲಾದರೂ ಯಾರಾದರೂ ನಕ್ಕಿರುತ್ತಿದ್ದರು. ಭಾಗಮ್ಮ ನೆಲ ನೋಡುತ್ತ ಉಳಿದದ್ದನ್ನು ಹೇಳಿದಳು. ಬೆರಳು ಒದ್ದೆಯಾದದ್ದು, ಹೇಸಿಗೆ ಬಂದದ್ದು, ಗಟಾರ, ನಳ, ಬೇಲಿ. ಕಲ್ಯಾಣಪ್ಪ ತಾಯಿಯನ್ನು ಎಂದೂ ನೋಡಿಲ್ಲದವನಂತೆ ನೋಡಿದ. ಹಕೀಮ ಸಿಟ್ಟಾಗಲಿಲ್ಲ. ಒಂದೇ ಒಂದು ಮಾತು ಕೇಳಿದ.

“ಬಾವಿ ನೀರಿನಂಗ ಇದ್ರ ಅಂಜತಿದ್ದೆ ಅಂತ ನಾ ಹೇಳಿದಾಗ, ನಿಮಗ ನೆನಪಾತೇನು?”

“ಆತು,” ಅಂದಳು ಭಾಗಮ್ಮ.

ಕಟ್ಟಿಗೆ ಕೋಣೆಯ ಬಾಗಿಲು ತೆರೆದೇ ಇತ್ತು. ಚಾಪೆಯ ಮೇಲೆ ಬಳೆಗಳ ಸದ್ದಾಯಿತು. ಹುಡುಗಿ ಮಗ್ಗುಲಾದಳೆಂದು ತೋರುತ್ತದೆ.

ಹಕೀಮ ಆಮೇಲೆ ಕೆಲಸದ ಮಾತಿಗೆ ಬಂದ. ನನ್ನ ಪುಡಿಗಳಿಂದ ಇದು ಇಳಿಯುವುದಲ್ಲ. ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ವಿಲಾಯತಿ ಸೂಜಿಮದ್ದು ಇದೆ. ದಿನಾ ಚುಚ್ಚಬೇಕು, ಇರುವತನಕ ಚುಚ್ಚಬೇಕು. ಉಳಿಯುತ್ತಾಳೆಂದು ಹೇಳಲಾರೆ, ತಡಮಾಡಿದರೆ ಉಳಿಯುವುದಿಲ್ಲವೆಂದು ಮಾತ್ರ ಹೇಳಬಲ್ಲೆ. ಆ ಮದ್ದನ್ನು ದನದ ಒಡಲಿನಿಂದ ತೆಗೆಯುತ್ತಾರೆ, ನೀವು ಲಿಂಗವಂತರು, ಮುಚ್ಚಿಡಬಾರದು, ಅದಕ್ಕೆ ಹೇಳಿದೆ ಅಂದ. ಕಲ್ಯಾಣಪ್ಪ ಅಭ್ಯಾಸಬಲದಿಂದ ತಾಯಿಯ ಮುಖ ನೋಡಿದ. ಭಾಗಮ್ಮ ಹೂಂ ಅನ್ನುವ ಮೊದಲೇ ಸಾಯಬಣ್ಣ, ಆಕೆಯನ್ನು ಯಾರೂ ಕೇಳಬೇಕಾಗಿಲ್ಲ ಅಂದ.

ಮರುದಿನ ಬೆಳಗಿನ ಗಾಡಿ. ಸಾಯಬಣ್ಣ ಮಗಳನ್ನು ಎತ್ತಿಕೊಂಡೇ ಸ್ಟೇಷನ್ನಿಗೆ ತಂದು ಕಲ್ಲಿನ ಬೆಂಚಿನ ಮೇಲೆ ಕೂಡಿಸಿದ. ಇಮಾಮ್ಬೀಯ ಮನೆಯಲ್ಲಿ ಉಳಿದಿದ್ದ ಹಕೀಮನೂ ಬಂದ. ಭಾಗಮ್ಮ ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದಳು. ಗಂಟು ಕಟ್ಟಿಕೊಂಡಿದ್ದಳು. ಕೈಯಲ್ಲಿ ಮುಚ್ಚಳವಿದ್ದ ಹಿತ್ತಾಳೆ ಪಾತ್ರೆ ಇತ್ತು, ಅಷ್ಟು ದೂರದ ಗಾಡಿಯಲ್ಲಿ ಹುಡುಗಿಗೆ ಬೇಕಾಗುತ್ತದೆಂದು. ಅದನ್ನು ತಾನೇ ಹಿಡಿಯುವುದು, ತಾನೇ ಚೆಲ್ಲುವುದು, ತಾನೇ ತೊಳೆಯುವುದು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಅಂಥ ಪಾತ್ರೆಯನ್ನು ಕೈಯಲ್ಲಿ ಹಿಡಿದರೂ ಹೊಟ್ಟೆ ತೊಳಸಿರಲಿಲ್ಲ. ಅದೇ ತನಗೆ ಸಿಕ್ಕ ಕ್ಷಮೆ ಎಂಬಂತೆ ಆಕೆಗೆ ಅನ್ನಿಸಿತ್ತು. ಎಷ್ಟು ಬೇಗ ತಮ್ಮನ್ನು ತಾವು ಕ್ಷಮಿಸಿಕೊಳ್ಳುತ್ತಾರೆ ಜನ.

ಸಿಗ್ನಲ್ಲು ಬೀಳುವ ಮುಂಚೆ ವಿಮಲಾಬಾಯಿ ಬೆಂಚಿನ ಅಂಚು ಹಿಡಿದು ಏಳಲು ನೋಡಿದಳು. ಯಾಕೆಂದು ಎಲ್ಲರಿಗೂ ಗೊತ್ತಾಯಿತು. ಗಂಡಸರು ಆಚೆ ನೋಡಿದರು. ಭಾಗಮ್ಮ ಗಂಟು ಕೆಳಗಿಟ್ಟು, ಪಾತ್ರೆ ಹಿಡಿದು ಮುಂದೆ ಬಂದಳು. ಬಾರವ್ವ, ನನ್ನ ಹೆಗಲು ಹಿಡಕೋ ಎಂದು ಸೊಸೆಯ ಕಂಕುಳಿಗೆ ಕೈ ಹಾಕಲು ಬಗ್ಗಿದಳು.

ಹುಡುಗಿ ಮೈಯನ್ನು ಹಿಂದಕ್ಕೆ ಎಳೆದುಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ. ತುಟಿಯ ಒಂದು ಬದಿ ಮಾತ್ರ ಸೊಟ್ಟಗಾಗಿತ್ತು, ಹಳಸಿದ್ದನ್ನು ಕಂಡವರದು ಆಗುತ್ತದಲ್ಲ ಹಾಗೆ.

“ನೀವು ಮುಟ್ಟಬ್ಯಾಡ್ರಿ, ಅತ್ತಿ,” ಅಂದಳು. ದನಿ ಎಂದಿನಷ್ಟೇ ಮೆತ್ತಗಿತ್ತು. “ನನಗ ಹೇಸಿಕಿ ಬರ್ತದ.”

ಸಾಯಬಣ್ಣ ಬಂದು ಮಗಳನ್ನು ಎತ್ತಿಕೊಂಡು ಬೇಲಿಯ ಹತ್ತಿರ ಒಯ್ದ. ಹೆಗಲ ಮೇಲಿನ ವಲ್ಲಿಯನ್ನು ಬಿಚ್ಚಿ ಮರೆ ಹಿಡಿದು, ತಾನು ಆಕಡೆಗೆ ಮುಖ ಮಾಡಿ ನಿಂತ. ಗಾಡಿ ಬಂತು. ಹುಡುಗಿಯನ್ನು ಹತ್ತಿಸಿದರು, ಹಕೀಮ ಹತ್ತಿದ, ಕಲ್ಯಾಣಪ್ಪ ಅಂಗಡಿಯ ಬೀಗದಕೈಯನ್ನು ತಾಯಿಯ ಗಂಟಿನ ಮೇಲೆ ಇಟ್ಟು ಹತ್ತಿದ. ಭಾಗಮ್ಮನನ್ನು ಯಾರೂ ಕರೆಯಲಿಲ್ಲ. ಗಾಡಿ ವಾಡಿಯ ಕಡೆಗೆ ಹೋದ ಮೇಲೂ ಆಕೆ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. ಸ್ಟೇಷನ್ನಿನ ಜಾಡಮಾಲಿ ಕಸಬರಿಗೆ ಹಿಡಿದು ಬಂದು, ಸ್ವಲ್ಪ ಸರೀರಿ ಅಮ್ಮಾ ಅಂದ. ಆಕೆ ಸರಿದಳು.